ಎಣಿಕೆ ಕಲಿಯುವ ಮಕ್ಕಳಿಗೆ ಯಾವ ಆಟ? ಹಾವು ಏಣಿಯಿಂದ ಹುಲಿ ಕುರಿಯವರೆಗೆ

ಮಕ್ಕಳಿಗೆ ಆಟ ಆರಿಸುವಾಗ ಹೆಚ್ಚಿನವರು ಅದರಲ್ಲಿ ಅಂಕಿ ಇದೆಯೇ ಎಂದು ನೋಡುತ್ತಾರೆ. ಅದನ್ನು ನಂಬಿದರೆ ಮೋಸಹೋಗುತ್ತೇವೆ. ಕುಂಟೆಬಿಲ್ಲೆಯ ಮನೆಗಳಲ್ಲಿ ಒಂದರಿಂದ ಎಂಟರವರೆಗೆ ಬರೆದಿದ್ದರೂ ಮಗು ಒಂದು ಅಂಕಿಯನ್ನೂ ಓದದೆ ಇಡೀ ಆಟ ಮುಗಿಸಬಹುದು. ಅಳಿಗುಳಿ ಮಣೆಯಲ್ಲಿ ಅಂಕಿಯೇ ಇಲ್ಲ, ಆದರೆ ಬೀಜ ಎಣಿಸದೆ ಒಂದು ಸರದಿಯೂ ಸಾಗದು. ಹಾಗಾಗಿ ನೋಡಬೇಕಾದ್ದು ಎರಡು: ತನ್ನ ಸರದಿ ಬಂದಾಗ ಮಗುವಿನ ತಲೆ ಯಾವ ಕೆಲಸ ಮಾಡುತ್ತದೆ, ಮತ್ತು ಕಾಲು ಗಂಟೆಯಲ್ಲಿ ಆ ಸರದಿ ಎಷ್ಟು ಸಲ ಬರುತ್ತದೆ.

ವಯಸ್ಸು ಕೂಡ ಅಷ್ಟು ನಂಬುವಂಥದ್ದಲ್ಲ. ಅದರ ಬದಲು ಎರಡು ನಿಮಿಷದ ಪರೀಕ್ಷೆಯೊಂದನ್ನು ಮಾಡಿ. ಏಳೆಂಟು ಬಾಟಲಿ ಮುಚ್ಚಳ ಮುಂದಿಟ್ಟು "ನನಗೆ ನಾಲ್ಕು ಕೊಡು" ಅನ್ನಿ. ಕೆಲವು ಮಕ್ಕಳು ಕೈಗೆ ಸಿಕ್ಕಷ್ಟನ್ನು ಬಾಚಿ ಕೊಡುತ್ತಾರೆ. ಕೆಲವರು ಒಂದು, ಎರಡು, ಮೂರು ಎಂದು ಚೆನ್ನಾಗಿಯೇ ಶುರುಮಾಡಿ, ನಾಲ್ಕಕ್ಕೆ ನಿಲ್ಲದೆ ಎಲ್ಲವನ್ನೂ ಕೊಟ್ಟುಬಿಡುತ್ತಾರೆ. ಇವರಿಗೆ ಎಣಿಕೆ ಬಾಯಿಪಾಠವಾಗಿದೆ, ನಾಲ್ಕು ಅಂದರೆ ಎಷ್ಟು ಎಂಬುದು ಇನ್ನೂ ಕೂತಿಲ್ಲ. ಇದು ಮೊದಲ ಹಂತ. ಸರಿಯಾಗಿ ನಾಲ್ಕು ಕೊಟ್ಟ ಮಗುವಿನ ಮುಂದೆ ಇನ್ನೆರಡು ಸೇರಿಸಿ "ಈಗೆಷ್ಟು?" ಎಂದು ಕೇಳಿ. ಮತ್ತೆ ಒಂದರಿಂದ ಎಣಿಸಿದರೆ ಎರಡನೆಯ ಹಂತ. "ಐದು, ಆರು" ಎಂದು ನಾಲ್ಕರಿಂದ ಮುಂದಕ್ಕೆ ಹೋದರೆ ಮೂರನೆಯದು.

ಹತ್ತು ಮನೆಯ ಸಾಲೋ, ನೂರು ಮನೆಯ ಹಾವು ಏಣಿಯೋ

ಮೊದಲ ಹಂತದ ಮಗುವಿಗೆ ಹಾವು ಏಣಿ ಕೊಡಬೇಡಿ. ಒಂದು ರಟ್ಟಿನ ಪಟ್ಟಿಯ ಮೇಲೆ ಹತ್ತು ಮನೆ ಬರೆದು, ಎಡದಿಂದ ಬಲಕ್ಕೆ 1ರಿಂದ 10 ತುಂಬಿ. ಒಂದೊಂದು ಮನೆಯೂ ಐದು ಸೆಂಟಿಮೀಟರ್, ಎಲ್ಲವೂ ಒಂದೇ ಅಗಲ. ದಾಳ ಬೇಡ, ಒಂದು ಹುಣಸೆ ಬೀಜ ಸಾಕು. ಅದರ ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಬಿಳಿ ಕಾಣುವವರೆಗೆ ತೇಯ್ದಿಡಿ (ತೇಯುವಾಗ ಬೀಜ ಸುಡುವಷ್ಟು ಬಿಸಿಯಾಗುತ್ತದೆ, ದೊಡ್ಡವರೇ ಮಾಡಲಿ). ಬಿಳಿ ಮೇಲೆ ಬಿದ್ದರೆ ಒಂದು ಮನೆ, ಕಂದು ಬಿದ್ದರೆ ಎರಡು. ಇಬ್ಬರು ಆಡಿದರೆ ಒಬ್ಬರಿಗೆ ಆರೇಳು ಸರದಿಯಲ್ಲಿ ಆಟ ಮುಗಿಯುತ್ತದೆ. ಕಾಲು ಗಂಟೆಯಲ್ಲಿ ನಾಲ್ಕು ಆಟ ಆರಾಮವಾಗಿ ಆಗುತ್ತದೆ.

ಇಷ್ಟು ಸರಳವಾದದ್ದರಿಂದ ಏನಾದೀತು ಎಂದು ಅನ್ನಿಸುವುದು ಸಹಜ. ಅಮೆರಿಕದಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಇದನ್ನೇ ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳ ಜೊತೆ ಆಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆಡಿಸಿದ್ದು ಎರಡು ವಾರದೊಳಗೆ ನಾಲ್ಕು ಬಾರಿ, ಪ್ರತಿ ಸಲ ಸುಮಾರು ಕಾಲು ಗಂಟೆ. ಅಷ್ಟಕ್ಕೇ ಯಾವ ಸಂಖ್ಯೆ ದೊಡ್ಡದು, ಗೆರೆಯ ಮೇಲೆ ಯಾವುದು ಎಲ್ಲಿ ಬರುತ್ತದೆ ಎಂಬ ತಿಳಿವು ಸ್ಪಷ್ಟವಾಗಿ ಹೆಚ್ಚಿತು. ಅಂಕಿಯ ಬದಲು ಬಣ್ಣ ತುಂಬಿದ ಅದೇ ಪಟ್ಟಿಯಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಮರುವರ್ಷ ಮನೆಗಳನ್ನು ವೃತ್ತಾಕಾರದಲ್ಲಿ ಜೋಡಿಸಿ ನೋಡಿದಾಗಲೂ ನೇರ ಸಾಲಿನಷ್ಟು ಫಲ ಬರಲಿಲ್ಲ. ಕಾರಣ ಹೀಗೆ: ನೇರ ಸಾಲಿನಲ್ಲಿ 8 ತಲುಪಲು ಕಾಯಿ ಹೆಚ್ಚು ದೂರ ಹೋಗಬೇಕು, ಹೆಚ್ಚು ಹೊತ್ತು ಬೇಕು, ಹೆಚ್ಚು ಸಂಖ್ಯೆ ಹೇಳಬೇಕು. ದೊಡ್ಡ ಸಂಖ್ಯೆ ಅಂದರೆ ಎಲ್ಲದರಲ್ಲೂ ಹೆಚ್ಚು ಎಂಬುದು ಕಣ್ಣಿಗೂ ಕೈಗೂ ಬಾಯಿಗೂ ಒಟ್ಟಿಗೇ ತಿಳಿಯುತ್ತದೆ. ಮನೆಗಳ ಅಗಲ ಒಂದೇ ಇರಲಿ ಅಂದದ್ದು ಇದಕ್ಕೇ.

ಈ ಆಟ ಕೆಡುವುದು ಎರಡು ಕಡೆ. ಒಂದು, ಕಾಯಿ ನಿಂತಿರುವ ಮನೆಯನ್ನೇ ಮಗು "ಒಂದು" ಎಂದು ಎಣಿಸಿಬಿಡುತ್ತದೆ. ಕಾಯಿಯನ್ನು ಎತ್ತಿ ಮುಂದಿನ ಮನೆಗೆ ಕುಟ್ಟಿ ಇಡುವ ಅಭ್ಯಾಸ ಮಾಡಿಸಿ, ಕುಟ್ಟಿದಾಗ ಮಾತ್ರ ಸಂಖ್ಯೆ ಹೇಳಬೇಕು. ಇನ್ನೊಂದು, ಬಹಳ ಸೂಕ್ಷ್ಮವಾದದ್ದು, ದೊಡ್ಡವರ ಗಮನಕ್ಕೇ ಬರುವುದಿಲ್ಲ. ಕಾಯಿ 5ರಲ್ಲಿದೆ, ಎರಡು ಬಿತ್ತು. ಮಗು "ಒಂದು, ಎರಡು" ಎಂದು ನಡೆಸಿದರೆ ಸರಿಯಾಗಿಯೇ 7ಕ್ಕೆ ತಲುಪುತ್ತದೆ, ಆದರೆ ಕಲಿತದ್ದು ಏನೂ ಇಲ್ಲ. "ಆರು, ಏಳು" ಎಂದು ಮನೆಯ ಹೆಸರು ಹೇಳುತ್ತಾ ನಡೆಸಬೇಕು. ನೂರರವರೆಗಿನ ಹಲಗೆಯಲ್ಲೂ ಹೀಗೆ ಮುಂದಕ್ಕೆ ಎಣಿಸುತ್ತಾ ಆಡಿದ ಮಕ್ಕಳೇ ಹೆಚ್ಚು ಕಲಿತರು ಎಂಬುದನ್ನು ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ 2014ರಲ್ಲಿ ತೋರಿಸಿದರು. ಆಟ ಅದೇ, ಹಲಗೆ ಅದೇ, ಬಾಯಲ್ಲಿ ಬರುವ ಪದವಷ್ಟೇ ಬೇರೆ.

ಹಾವು ಏಣಿಯ ಸರದಿ ಮೂರನೆಯ ಹಂತದ ಹೊಸ್ತಿಲಲ್ಲಿ. ಅದರಲ್ಲಿ ಯೋಚನೆಗೆ ಜಾಗ ಇಲ್ಲ, ದಾಳ ಹೇಳಿದಂತೆ ನಡೆಯಬೇಕು ಅಷ್ಟೆ. ನಾಲ್ವರು ಆಡಿದರೆ ಕಾಲು ಗಂಟೆಯಲ್ಲಿ ಒಬ್ಬರಿಗೆ ಏಳೆಂಟು ಸರದಿ ಬಂದರೆ ಹೆಚ್ಚು. ಹಲಗೆಯ ಜೋಡಣೆಯೂ ಚಿಕ್ಕವರಿಗೆ ಕಷ್ಟ: ಮೊದಲ ಸಾಲು ಎಡದಿಂದ ಬಲಕ್ಕೆ, ಎರಡನೆಯದು ಬಲದಿಂದ ಎಡಕ್ಕೆ. 7ರ ನೆತ್ತಿಯ ಮೇಲೆ 17 ಇರುವುದಿಲ್ಲ, 14 ಇರುತ್ತದೆ. ಹತ್ತು ಕೂಡಿದರೆ ನೇರ ಮೇಲಿನ ಮನೆ ಎಂಬ ಸುಂದರವಾದ ವಿಷಯ ಈ ಹಲಗೆಯಲ್ಲಿ ಕಾಣಿಸುವುದೇ ಇಲ್ಲ. ಆದರೂ ಅದಕ್ಕೊಂದು ಬೆಲೆ ಇದೆ. 29ರಿಂದ 30ಕ್ಕೆ, 39ರಿಂದ 40ಕ್ಕೆ ದಾಟುವ ಅಭ್ಯಾಸ ಇಷ್ಟು ಸಲ ಬೇರೆ ಯಾವ ಆಟದಲ್ಲೂ ಸಿಗದು. "ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತಹತ್ತು" ಎನ್ನುವ ಮಗುವಿಗೆ ಬೇಕಾದ್ದು ಇದೇ. ಆ ತಪ್ಪು ಕೇಳಿ ನಗಬೇಡಿ, ಮಗು ಪದಗಳ ಕಟ್ಟನ್ನು ಹಿಡಿದಿದೆ ಎಂಬುದರ ಗುರುತು ಅದು. ಹೊರದೇಶದ ಕನ್ನಡ ಮನೆಗಳಲ್ಲಿ ಈ ಆಟವನ್ನು ಕನ್ನಡ ಸಂಖ್ಯೆಗಳಲ್ಲೇ ಆಡಿಸಿದರೆ ಒಂದು ಲಾಭ ಹೆಚ್ಚು: ಥರ್ಟೀನ್ ಅನ್ನುವಾಗ ಮೂರು ಮೊದಲು ಕೇಳುತ್ತದೆ, ಹದಿಮೂರರಲ್ಲಿ ಹತ್ತು ಮೊದಲು ಕೇಳುತ್ತದೆ.

ಸರಿ-ಬೆಸ ಮತ್ತು ಕರಟದಾಟ

ಖರ್ಚಿಲ್ಲದೆ ಹೆಚ್ಚು ಕಲಿಸುವ ಆಟ ಯಾವುದು ಎಂದರೆ ಇದೇ. ಎರಡನೆಯ ಹಂತದಿಂದ ಮೂರನೆಯದಕ್ಕೆ ದಾಟಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಸರಿ-ಬೆಸ ಹಳೆಯ ಆಟ. ಮೂರು ನಾಲ್ಕು ಮಕ್ಕಳಿಗೆ ತಲಾ ಹತ್ತು ಬೀಜ. ಒಬ್ಬರು ಮುಷ್ಟಿಯಲ್ಲಿ ಕೆಲವು ಹಿಡಿದು "ಸರಿಯೋ ಬೆಸವೋ?" ಎಂದು ಪಕ್ಕದವರನ್ನು ಕೇಳುತ್ತಾರೆ. ಹೇಳಿದ್ದು ನಿಜವಾದರೆ ಮುಷ್ಟಿಯಲ್ಲಿದ್ದಷ್ಟು ಬೀಜ ಹೇಳಿದವರಿಗೆ, ಸುಳ್ಳಾದರೆ ಅಷ್ಟೇ ಬೀಜ ಅವರು ಕೊಡಬೇಕು. ಮುಷ್ಟಿ ಬಿಚ್ಚಿದ ಮೇಲೆ ಎಣಿಸಲು ಬಿಡಬೇಡಿ, ಎರಡೆರಡಾಗಿ ಜೋಡಿ ಇಡಿಸಿ. ಒಂಟಿ ಉಳಿದರೆ ಬೆಸ. ಮಗು ಜೋಡಿಗಳನ್ನು ನೋಡಿಯೇ ಮೂರು ಜೋಡಿ ಒಂದು ಒಂಟಿ ಅಂದರೆ ಏಳು ಎಂದು ಹೇಳತೊಡಗುವ ದಿನ ಬರುತ್ತದೆ.

ಕರಟದಾಟ ಇನ್ನೂ ಸರಳ. ಐದು ಬೀಜ ಎಲ್ಲರೆದುರು ಎಣಿಸಿ, ಎಲ್ಲರೂ ಕಣ್ಣು ಮುಚ್ಚಿದಾಗ ಒಬ್ಬರು ಕೆಲವನ್ನು ತೆಂಗಿನ ಕರಟದಡಿ ಸೇರಿಸಬೇಕು. ಹೊರಗೆ ಉಳಿದದ್ದನ್ನು ನೋಡಿ ಒಳಗೆಷ್ಟು ಎಂದು ಉಳಿದವರು ಬೆರಳಲ್ಲಿ ತೋರಿಸಬೇಕು. ಬಾಯಲ್ಲಿ ಹೇಳಲು ಬಿಟ್ಟರೆ ಚುರುಕಿನ ಮಗು ಮೊದಲು ಕೂಗುತ್ತದೆ, ಉಳಿದವರು ಅದನ್ನೇ ಹೇಳುತ್ತಾರೆ. ಐದರಲ್ಲಿ ತಡವರಿಸದೆ ಬಂದ ಮೇಲೆ ಆರು, ಏಳು ಎಂದು ಒಂದೊಂದಾಗಿ ಏರಿಸಿ ಹತ್ತಕ್ಕೆ ಹೋಗಿ. ನೇರ ಹತ್ತಕ್ಕೆ ಹಾರಿದರೆ ಮಕ್ಕಳು ಊಹೆಗೆ ಇಳಿಯುತ್ತಾರೆ, ಊಹೆ ಒಮ್ಮೆ ಅಭ್ಯಾಸವಾದರೆ ಬಿಡಿಸುವುದು ಕಷ್ಟ. ಉತ್ತರ ಸರಿಯಾದಾಗಲೂ "ಹೇಗೆ ಗೊತ್ತಾಯ್ತು?" ಎಂದು ಕೇಳಿ. "ಹೊರಗೆ ಆರಿದೆ, ಏಳು ಎಂಟು ಒಂಬತ್ತು ಹತ್ತು, ಒಳಗೆ ನಾಲ್ಕು" ಎಂದು ಬೆರಳು ಮಡಚುತ್ತಾ ಹೇಳಿದರೆ ಕಳೆಯುವ ಲೆಕ್ಕ ಆ ಮಗುವಿಗೆ ಶಾಲೆಯಲ್ಲಿ ಹೊಸದಾಗಿರುವುದಿಲ್ಲ.

ಒಂದು ಸುತ್ತಿಗೆ ಅರ್ಧ ನಿಮಿಷ, ಪ್ರತಿ ಸುತ್ತಿನಲ್ಲೂ ಎಲ್ಲ ಮಕ್ಕಳಿಗೂ ಕೆಲಸ. ಸರದಿಗೆ ಕಾಯುವುದು ಇಲ್ಲವೇ ಇಲ್ಲ.

ಚೌಕಾಬಾರ

ಕಟ್ಟೆಮನೆ ಎಂದೂ ಕರೆಯುವ ಈ ಆಟಕ್ಕೆ ಐದೈದರ 25 ಮನೆ, ನಾಲ್ವರು, ತಲಾ ನಾಲ್ಕು ಕಾಯಿ, ನಾಲ್ಕು ಕವಡೆ. ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡು ಬಿದ್ದರೆ ಮತ್ತೊಮ್ಮೆ ಹಾಕಬಹುದು. ಹೊರಸುತ್ತಿನ 16, ಒಳಸುತ್ತಿನ 8 ಮನೆ ದಾಟಿ ನಡುಮನೆ ಸೇರಿದ ಕಾಯಿ ಹಣ್ಣು.

ಎಣಿಕೆ ಕಲಿಸಲು ಇದು ಹಾವು ಏಣಿಗಿಂತ ಕಡಿಮೆ. ಮನೆಗಳಿಗೆ ಅಂಕಿ ಇಲ್ಲ, ಸುತ್ತು ಬಳಸು ದಾರಿ. ತರ್ಕಕ್ಕೆ ಬಂದರೆ ಹೋಲಿಕೆಯೇ ಇಲ್ಲ, ಏಕೆಂದರೆ ಯಾವ ಕಾಯಿ ನಡೆಸಬೇಕು ಎಂಬ ಆಯ್ಕೆ ಪ್ರತಿ ಗರಕ್ಕೂ ಇದೆ. ಎದುರಾಳಿಯ ಕಾಯಿ ನನ್ನದಿರುವ ಮನೆಗೇ ಬಂದು ಅದನ್ನು ಕಡಿದೀತು ಎಂದು, ಅದು ಎರಡು ಮನೆ ಹಿಂದಿದ್ದರೆ ಹೆದರಬೇಕೋ, ಆರು ಮನೆ ಹಿಂದಿದ್ದರೆ ಹೆದರಬೇಕೋ? ನಾಲ್ಕು ಕವಡೆಯಲ್ಲಿ ಐದು, ಆರು, ಏಳು ಒಂದೇ ಗರಕ್ಕೆ ಬೀಳುವುದೇ ಇಲ್ಲ. ಚೌಕ ಬಿದ್ದು, ಮತ್ತೆ ಹಾಕಿದಾಗ ಎರಡು ಬಿದ್ದರೆ ಮಾತ್ರ ಆರು. ಎರಡಾದರೋ ಎಲ್ಲಕ್ಕಿಂತ ಹೆಚ್ಚು ಬೀಳುವ ಗರ. ಕವಡೆ ಎರಡು ಬದಿಗೂ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16 ಸಲದಲ್ಲಿ ಸರಾಸರಿ ಆರು ಸಲ ಎರಡು, ನಾಲ್ಕು ನಾಲ್ಕು ಸಲ ಒಂದು ಮತ್ತು ಮೂರು, ಚೌಕ ಬಾರ ಒಂದೊಂದೇ ಸಲ. ನಿಜವಾದ ಕವಡೆ ಅಷ್ಟು ಸಮನಲ್ಲ. ಏಳೆಂಟು ವರ್ಷದವರಾದರೆ ಐವತ್ತು ಗರ ಹಾಕಿ ಯಾವುದು ಎಷ್ಟು ಸಲ ಬಿತ್ತು ಎಂದು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಲಿ. ತಮ್ಮ ಮನೆಯ ಕವಡೆಯ ಗುಣ ಅವರಿಗೇ ಗೊತ್ತಾಗುತ್ತದೆ.

ದೊಡ್ಡ ತೊಡಕು ಸಮಯ. ಒಂದು ಕಾಯಿ ಹಣ್ಣಾಗಲು 24 ನಡೆ, ನಾಲ್ಕು ಕಾಯಿಗೆ 96. ಸರಾಸರಿ ಗರ ಎರಡೂವರೆ. ಒಂದು ಕಾಯಿಯೂ ಕಡಿಯದಿದ್ದರೂ ಒಬ್ಬರಿಗೆ ನಲವತ್ತರ ಹತ್ತಿರ ಗರ ಬೇಕು, ನಾಲ್ವರಿಗೆ ಒಂದು ಗಂಟೆ ದಾಟುತ್ತದೆ. ಆರು ವರ್ಷದವರು ಅಷ್ಟು ಹೊತ್ತು ಕೂರುವುದಿಲ್ಲ. ತಲಾ ಎರಡೇ ಕಾಯಿ ಕೊಡಿ. ಒಂದಕ್ಕೆ ಇಳಿಸಬೇಡಿ, ಆಗ ಆಯ್ಕೆಯೇ ಹೋಗಿ ಹಾವು ಏಣಿಯಂತಾಗುತ್ತದೆ.

ಅಳಿಗುಳಿ ಮಣೆ

ಕರಾವಳಿಯ ಚೆನ್ನೆಮಣೆಯಲ್ಲಿ ಗುಳಿಗೆ ನಾಲ್ಕು ಬೀಜ ಹಾಕಿದರೆ ಬಯಲುಸೀಮೆಯ ಅಳಿಗುಳಿಯಲ್ಲಿ ಸಾಮಾನ್ಯವಾಗಿ ಐದು. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 70 ಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯದು ಗೆದ್ದದ್ದು, ಸರದಿ ಮುಗಿಯಿತು. ನಾಲ್ಕು ಬೀಜ ಕೂಡಿದ ಗುಳಿಯನ್ನು ಎತ್ತಿಕೊಳ್ಳುವ ನಿಯಮ ಕೆಲವೆಡೆ ಇದೆ, ಹೊಸಬರಿಗೆ ಅದನ್ನು ಸೇರಿಸಬೇಡಿ.

ಇಲ್ಲಿ ಒಂದು ಸೊಗಸು ಇದೆ. ಐದೈದು ಬೀಜ ತುಂಬಿದ ಮಣೆಯಲ್ಲಿ ಮೊಟ್ಟಮೊದಲ ಸರದಿಗೆ ಯಾವ ಗುಳಿಯಿಂದ ಎತ್ತಿದರೂ ಸಿಗುವುದು ಏಳೇ ಬೀಜ. ಕೈಯಾರೆ ಹಾಕಿ ನೋಡಿ: ಮೊದಲು ಐದು, ಮತ್ತೆ ಐದು, ಮತ್ತೆ ಐದು, ಆಮೇಲೆ ಆರು, ಇನ್ನೊಮ್ಮೆ ಆರು, ಅಲ್ಲಿಗೆ ಮುಂದಿನ ಗುಳಿ ಖಾಲಿ, ಅದರಾಚೆ ಏಳು. ಎರಡನೆಯ ಗುಳಿಯಿಂದ ಶುರುಮಾಡಿದರೂ ಅದೇ, ಐದನೆಯದರಿಂದಲೂ ಅದೇ. ಏಕೆ ಹಾಗೆ ಎಂದು ಮಕ್ಕಳನ್ನೇ ಕೇಳಿ. ಎಲ್ಲ ಗುಳಿಯಲ್ಲೂ ಒಂದೇ ಸಮ ಇದೆ, ಮಣೆ ಸುತ್ತುತ್ತದೆ, ಎಲ್ಲಿಂದ ಶುರುಮಾಡಿದರೂ ಕತೆ ಒಂದೇ ಎಂದು ಅವರ ಬಾಯಲ್ಲೇ ಬಂದರೆ, ಗಣಿತದಲ್ಲಿ ಕಾರಣ ಕೊಡುವುದು ಅಂದರೆ ಏನೆಂದು ಗೊತ್ತಾಯಿತು ಅಂತಲೇ ಅರ್ಥ. ತಪ್ಪು ಉತ್ತರ ಬಂದರೆ ಬೀಜ ಎಲ್ಲೋ ಒಂದು ಗುಳಿ ಹಾರಿದೆ. ಅವಸರದ ಮಕ್ಕಳು ತಿರುವಿನಲ್ಲಿ, ಅಂದರೆ ತಮ್ಮ ಸಾಲಿನಿಂದ ಎದುರು ಸಾಲಿಗೆ ದಾಟುವಾಗ, ಮೊದಲ ಗುಳಿಯನ್ನು ಬಿಟ್ಟುಬಿಡುವುದು ಹೆಚ್ಚು.

ಆಟದ ಕೊನೆಯ ಲೆಕ್ಕ ಇನ್ನೂ ದೊಡ್ಡದು. ಒಬ್ಬರಿಗೆ 32 ಬೀಜ ಬಂದಿದ್ದರೆ ಇನ್ನೊಬ್ಬರದನ್ನು ಎಣಿಸಬೇಕಿಲ್ಲ, 38 ಇರಲೇಬೇಕು. ಮುಂದಿನ ಸುತ್ತಿಗೆ ಗುಳಿ ತುಂಬುವಾಗ 32ರಲ್ಲಿ ಐದೈದರಂತೆ ಆರು ಗುಳಿ ತುಂಬಿ ಎರಡು ಉಳಿಯುತ್ತದೆ, ಏಳನೆಯ ಗುಳಿ ಮುಚ್ಚಿಹೋಗುತ್ತದೆ. ಶೇಷ ಬರುವ ಭಾಗಾಕಾರವನ್ನು ಎರಡನೆಯ ತರಗತಿಯ ಮಗು ಇಲ್ಲಿ ಮನಸ್ಸಿಟ್ಟು ಮಾಡುತ್ತದೆ, ಏಕೆಂದರೆ ಹೋಗುತ್ತಿರುವುದು ಅದರದೇ ಗುಳಿ.

ಐದಾರು ವರ್ಷದವರಿಗೆ ಸಾಲಿಗೆ ನಾಲ್ಕು ಗುಳಿ, ಗುಳಿಗೆ ಮೂರು ಬೀಜ ಸಾಕು. ಮಣೆ ಇಲ್ಲದಿದ್ದರೆ ಮೊಟ್ಟೆಯ ಟ್ರೇ ಕತ್ತರಿಸಿ ಇಡಿ. ಇದರ ಮಿತಿ ಒಂದೇ, ಮಣೆಗೆ ಇಬ್ಬರೇ. ನಾಲ್ವರಿದ್ದರೆ ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಹಾಕುವಾಗ ಜೊತೆಯವರು ಜೋರಾಗಿ ಎಣಿಸಲಿ.

ಇಪ್ಪತ್ತು ದಾಟಿದ ಮಕ್ಕಳು, ಒಂದು ಅಂಗಳ

ಅಂಗನವಾಡಿಯಲ್ಲೋ ಶಾಲೆಯಲ್ಲೋ ಮಕ್ಕಳ ಸಂಖ್ಯೆ ಇಪ್ಪತ್ತು ದಾಟಿದ್ದರೆ ಮಣೆ ಆಟ ನಡೆಯದು. ಆಗ ಗುಂಪು ಕಟ್ಟುವ ಆಟ. ಎಲ್ಲರೂ ಸುತ್ತ ಓಡುತ್ತಿರುವಾಗ ಚಪ್ಪಾಳೆ ತಟ್ಟಿ "ನಾಲ್ಕು ನಾಲ್ಕು!" ಎಂದರೆ ನಾಲ್ವರ ಗುಂಪು ಆಗಬೇಕು. ಉಳಿದವರನ್ನು ಆಟದಿಂದ ಹೊರಹಾಕುವ ರೂಢಿ ಇದೆ, ಅದನ್ನು ದಯವಿಟ್ಟು ಬಿಡಿ. ಮೊದಲು ಹೊರಹೋಗುವವರು ನಿಧಾನವಾಗಿ ಎಣಿಸುವ ಮಕ್ಕಳೇ, ಆಟ ಬೇಕಾಗಿದ್ದೂ ಅವರಿಗೇ. ಉಳಿದವರೇ ಮುಂದಿನ ಸಂಖ್ಯೆ ಕೂಗಲಿ. 24 ಮಕ್ಕಳಿದ್ದರೆ ನಾಲ್ಕು ನಾಲ್ಕರಲ್ಲಿ ಯಾರೂ ಉಳಿಯುವುದಿಲ್ಲ, ಐದೈದರಲ್ಲಿ ನಾಲ್ವರು ಉಳಿಯುತ್ತಾರೆ. ದೊಡ್ಡ ಮಕ್ಕಳನ್ನು ಕೂಗುವ ಮೊದಲೇ ಎಷ್ಟು ಜನ ಉಳಿಯುತ್ತಾರೆ ಎಂದು ಕೇಳಿ.

ಕನ್ನಡದ್ದೇ ಒಂದು ತೊಡಕು ಇಲ್ಲಿ ಎದುರಾಗುತ್ತದೆ. ವಸ್ತುವಿಗೆ ಎರಡು, ಮೂರು, ನಾಲ್ಕು. ಜನರಿಗೆ ಇಬ್ಬರು, ಮೂವರು, ನಾಲ್ವರು. ಇಬ್ಬರು ಅಂದರೆ ಎರಡೇ ಎಂಬುದು ಮೂರು ವರ್ಷದ ಮಗುವಿಗೆ ತಾನಾಗಿ ಹೊಳೆಯುವುದಿಲ್ಲ. ಕೂಗುವಾಗ ಎರಡನ್ನೂ ಸೇರಿಸಿ, "ಮೂರು! ಮೂವರು ಸೇರಿ!" ಎಂದು ಬೆರಳು ತೋರಿಸಿ.

ಹುಲಿ ಕುರಿ

ಎಣಿಕೆಗೆಂದು ಇದನ್ನು ಆರಿಸಬೇಡಿ, ಮುಂದಾಲೋಚನೆಗೆ ಆರಿಸಿ. 23 ಸಂಧಿಯ ತ್ರಿಕೋನ ಹಲಗೆ, ಮೂರು ಹುಲಿ, 15 ಕುರಿ. ಹುಲಿ ಪಕ್ಕದ ಕುರಿಯ ಮೇಲೆ ನೇರ ಗೆರೆಯಲ್ಲಿ ಹಾರಿ ಆಚೆಯ ಖಾಲಿ ಸಂಧಿಗೆ ಇಳಿದರೆ ಕುರಿ ಹೋಯಿತು. ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಕುರಿಗಳ ಗೆಲುವು. ಏಳು ವರ್ಷಕ್ಕಿಂತ ಮೊದಲು ಬೇಡ. ಮಕ್ಕಳು ಸೋಲುವುದು ಒಂದೇ ಕಾರಣಕ್ಕೆ: ಹುಲಿಯ ಪಕ್ಕ ಕುರಿ ಇಡುವಾಗ ಕುರಿಯ ಬೆನ್ನ ಹಿಂದೆ ನೋಡುವುದಿಲ್ಲ. ಕುರಿಯ ಕಡೆಗೆ ಇಬ್ಬರು ಮೂವರನ್ನು ಕೂರಿಸಿ, ಇಡುವ ಮೊದಲು ಒಬ್ಬರು "ಹಿಂದೆ ಖಾಲಿ ಇದೆಯಾ?" ಎಂದು ಕೇಳಲೇಬೇಕು ಎಂಬ ನಿಯಮ ಮಾಡಿ. ಐದು ಕುರಿ ತಿಂದರೆ ಹುಲಿ ಗೆದ್ದಂತೆ ಎಂದು ಮೊದಲೇ ಮಾತಾಡಿಕೊಂಡರೆ ಆಟ ಎಳೆಯುವುದಿಲ್ಲ.

ಮಿಶ್ರ ವಯಸ್ಸಿನವರಿದ್ದರೆ, ಮತ್ತು ಬೀಜದ ಬಗ್ಗೆ

ನಲಿ-ಕಲಿ ತರಗತಿಗಳಂತೆ ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕೂತಿದ್ದರೆ ಕರಟದಾಟವೇ ಸೂಕ್ತ. ಒಂದೇ ವೃತ್ತದಲ್ಲಿ ಚಿಕ್ಕವರಿಗೆ ಐದು ಬೀಜ, ದೊಡ್ಡವರಿಗೆ ಹದಿನೈದು ಇಟ್ಟರೆ ಯಾರಿಗೂ ಬೇಸರವಾಗದು. ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಇದ್ದರೆ ಅಳಿಗುಳಿ. ರಜೆಯಲ್ಲಿ ಅಜ್ಜಿಯ ಮನೆಯಲ್ಲಿ ನಾಲ್ಕೈದು ಮಕ್ಕಳು ಸೇರಿದರೆ, ಹೊತ್ತೂ ಇದ್ದರೆ, ಚೌಕಾಬಾರ. ಒಂದೇ ಆಟ ಕೊಳ್ಳಬೇಕು ಎಂದಿದ್ದವರು ಅಂಗಡಿಗೆ ಹೋಗುವ ಮೊದಲು ಹತ್ತು ಮನೆಯ ಪಟ್ಟಿಯನ್ನು ಎರಡು ವಾರ ಆಡಿಸಿ ನೋಡಲಿ.

ಬೀಜಗಳ ಆಯ್ಕೆಯಲ್ಲಿ ಉದಾಸೀನ ಬೇಡ. ಗುಲಗಂಜಿ ನೋಡಲು ಚೆಂದ, ಆದರೆ ಕಡು ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಹಳೆಯ ಮಣೆಯ ಜೊತೆ ಡಬ್ಬಿಯಲ್ಲಿ ಬಂದಿದ್ದರೂ ತೆಗೆದು ಹಾಕಿ. ನಾಲ್ಕು ವರ್ಷದ ಒಳಗಿನವರಿಗೆ ಹುಣಸೆ ಬೀಜವೂ ಬೇಡ, ಮೂಗಿಗೋ ಕಿವಿಗೋ ತುರುಕಿಕೊಳ್ಳುತ್ತಾರೆ. ಬಾಯಿಗೆ ಹಿಡಿಸದಷ್ಟು ಅಗಲದ ಡಬ್ಬಿಯ ಮುಚ್ಚಳ ಕೊಡಿ. ಆಟ ಮುಗಿದ ಮೇಲೆ ಬೀಜಗಳನ್ನು ಹತ್ತು ಹತ್ತರ ಗುಡ್ಡೆ ಮಾಡಿಸಿ ಡಬ್ಬಿಗೆ ಹಾಕಿಸಿ. ಅಳಿಗುಳಿಯದಾದರೆ ಏಳು ಗುಡ್ಡೆ ಆಗಬೇಕು. ಕೊನೆಯ ಗುಡ್ಡೆಯಲ್ಲಿ ಎಂಟೇ ಇದ್ದರೆ ಎರಡು ಬೀಜ ಮಂಚದ ಕೆಳಗಿವೆ, ಹುಡುಕಿಸಿ.